ಬಂಧನದ ಮೊದಲ ದಿನ ಮತ್ತು ವಕೀಲರ ಆಯ್ಕೆ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಗ್ರಾಮ ಪಂಚಾಯತ್ ಸದಸ್ಯರು ಮತ್ತು ಸಿಬ್ಬಂದಿಗಾಗಿ ನೀಡಿದ ಕಾನೂನು ಅರಿವು ಉಪನ್ಯಾಸದ ಪಠ್ಯ)



ಹೊಲದ ಬದುವಿನ ಜಗಳ, ಕಾಲುವೆ ನೀರಿನ ಸರದಿಯ ತಕರಾರು, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಇವೆಲ್ಲ ಸ್ವಭಾವತಃ ದಿವಾಣಿ ವಿಷಯಗಳು. ಆದರೆ ಕೈ ಮೇಲಾದ ಕ್ಷಣದಿಂದ ಅವು ಕ್ರಿಮಿನಲ್ ಮೊಕದ್ದಮೆಗಳಾಗುತ್ತವೆ. ಮನೆಯ ಗಂಡಸನ್ನು ಠಾಣೆಗೆ ಕರೆದೊಯ್ದ ರಾತ್ರಿ ಆ ಮನೆಯವರು ಮೊದಲು ಬಂದು ನಿಲ್ಲುವುದು ಗ್ರಾಮ ಪಂಚಾಯತ್ ಸದಸ್ಯರ ಬಾಗಿಲಿಗೆ. ಅವರು ಕೇಳುವ ಪ್ರಶ್ನೆ ಒಂದೇ: ಯಾವ ವಕೀಲರ ಬಳಿ ಹೋಗಬೇಕು? ಈ ಪ್ರಶ್ನೆಗೆ ಸದಸ್ಯರು ಕೊಡುವ ಉತ್ತರದ ಮೇಲೆ ಒಂದು ಕುಟುಂಬದ ಮುಂದಿನ ಮೂರು ತಿಂಗಳು ನಿಂತಿರುತ್ತದೆ.

ನಮ್ಮ ಭಾಗದಲ್ಲಿ ಬೇರೂರಿರುವ ಉತ್ತರವೆಂದರೆ, ದೊಡ್ಡ ಕೇಸಿಗೆ ದೊಡ್ಡ ಊರಿನ ವಕೀಲರೇ ಬೇಕು ಎಂಬುದು. ಎತ್ತು ಮಾರಿ, ಬಂಗಾರ ಅಡವಿಟ್ಟು, ಎರಡು ದಿನ ಹಣ ಹೊಂದಿಸಿ ವಿಜಯಪುರಕ್ಕೋ ಕಲಬುರಗಿಗೋ ಹೋಗುತ್ತಾರೆ. ಅಷ್ಟರಲ್ಲಿ ಬಂಧಿತನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿ, ಅವನ ಪರವಾಗಿ ಯಾರೂ ಒಂದು ಮಾತನ್ನೂ ಆಡದಿರುವಾಗಲೇ ನ್ಯಾಯಾಂಗ ಬಂಧನಕ್ಕೆ ಕಳುಹಿಸಿ ಆಗಿರುತ್ತದೆ. ಇದು ತಪ್ಪು ಲೆಕ್ಕ.

ಸಂವಿಧಾನದ 22ನೆಯ ಅನುಚ್ಛೇದದ ಪ್ರಕಾರ ಬಂಧಿತನನ್ನು, ಪ್ರಯಾಣದ ವೇಳೆಯನ್ನು ಬಿಟ್ಟು, 24 ಗಂಟೆಗಳೊಳಗೆ ಸಮೀಪದ ದಂಡಾಧಿಕಾರಿಯವರ ಮುಂದೆ ಹಾಜರುಪಡಿಸಬೇಕು. ತನಗೆ ಇಷ್ಟವಾದ ವಕೀಲರೊಡನೆ ಸಮಾಲೋಚಿಸುವ ಹಕ್ಕನ್ನೂ ಅದೇ ಅನುಚ್ಛೇದ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೆಯ ಕಲಮು ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗಲು ಅವಕಾಶ ನೀಡುತ್ತದೆ. 47ನೆಯ ಕಲಮು ಬಂಧನದ ಕಾರಣವನ್ನು ತಿಳಿಸಲೇಬೇಕೆನ್ನುತ್ತದೆ. ಆ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ, ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ಎಲ್ಲ ಬಗೆಯ ಅಪರಾಧಗಳಿಗೂ ಅನ್ವಯಿಸುವಂತೆ ಹೇಳಿದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧಿಸದೆ ನೋಟಿಸು ಕೊಟ್ಟು ಕರೆಸುವುದೇ ಸಾಮಾನ್ಯ ನಿಯಮವಾಗಬೇಕೆಂಬುದು 2014ರ ಅರ್ನೇಶ್ ಕುಮಾರ್ ತೀರ್ಪಿನ ಸಾರ. ಈ ಎಲ್ಲ ರಕ್ಷಣೆಗಳೂ ಯಾರಾದರೂ ಅವನ್ನು ನ್ಯಾಯಾಲಯದಲ್ಲಿ ಎತ್ತಿ ಹೇಳಿದಾಗ ಮಾತ್ರ ಜೀವಂತವಾಗುತ್ತವೆ. ಎತ್ತಿ ಹೇಳುವ ಮೊದಲ ಸಂದರ್ಭ ಆ ಮೊದಲ ಹಾಜರಾತಿ. ರಜಾದಿನವಾದರೆ ಅದು ನ್ಯಾಯಾಧೀಶರ ನಿವಾಸದಲ್ಲಿಯೇ ನಡೆಯಬಹುದು. ಅಲ್ಲಿಗೆ ಅರ್ಧ ಗಂಟೆಯಲ್ಲಿ ತಲುಪಬಲ್ಲವರು ಅದೇ ಊರಿನ ವಕೀಲರೇ ಹೊರತು ದೂರದ ನಗರದ ಹೆಸರಾಂತರಲ್ಲ.

ಆದ್ದರಿಂದ ಸದಸ್ಯರು ಮೊದಲು ವಿಚಾರಿಸಬೇಕಾದದ್ದು ವಕೀಲರ ಹೆಸರನ್ನಲ್ಲ, ಪ್ರಕರಣ ದಾಖಲಾದ ಠಾಣೆಯನ್ನು. ಯಾವ ಠಾಣೆ ಎಂಬುದರ ಮೇಲೆ ಯಾವ ನ್ಯಾಯಾಲಯ ಎಂಬುದು ತೀರ್ಮಾನವಾಗುತ್ತದೆ. ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಹೊಸ ತಾಲ್ಲೂಕುಗಳಾದ ಮೇಲೆ ಕಂದಾಯದ ಗಡಿಯೂ ನ್ಯಾಯಾಲಯದ ಗಡಿಯೂ ಒಂದೇ ಎಂದು ಭಾವಿಸಿ ಬೇರೆ ಊರಿಗೆ ಓಡುವುದು ಸುಲಭ. ಪ್ರಥಮ ವರ್ತಮಾನ ವರದಿಯ ಪ್ರತಿಯಲ್ಲಿ ಠಾಣೆಯ ಹೆಸರು, ಅಪರಾಧ ಸಂಖ್ಯೆ, ಕಲಮುಗಳು ಇರುತ್ತವೆ. ಆ ಒಂದು ಹಾಳೆಯನ್ನು ಕೈಯಲ್ಲಿ ಹಿಡಿದು ಹೋದವರಿಗೆ ವಕೀಲರು ಐದು ನಿಮಿಷದಲ್ಲಿ ಹೇಳುವುದನ್ನು, ಅದಿಲ್ಲದೆ ಹೋದವರಿಗೆ ಅರ್ಧ ದಿನವಾದರೂ ಹೇಳಲಾಗದು.

ಹಣವಿಲ್ಲದವರ ವಿಷಯ. 1976ರ 42ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 39ಎ ಅನುಚ್ಛೇದ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ ಇವೆರಡರ ಆಧಾರದ ಮೇಲೆ ಪ್ರತಿ ತಾಲ್ಲೂಕಿನ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಅಲ್ಲಿನ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಅಧಿನಿಯಮದ 12ನೆಯ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯದ ಲೆಕ್ಕವಿಲ್ಲದೆ ಉಚಿತ ನೆರವಿಗೆ ಅರ್ಹರು. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯದ ಮಿತಿ 3 ಲಕ್ಷ ರೂಪಾಯಿ. ಆದರೆ ಹಳ್ಳಿಗಳಲ್ಲಿ ಬಹುತೇಕರಿಗೆ ತಿಳಿಯದ ಮಾತೊಂದು ಇದೇ ಕಲಮಿನಲ್ಲಿದೆ: ಬಂಧನದಲ್ಲಿರುವ ವ್ಯಕ್ತಿ, ಅವನ ಜಾತಿ ಯಾವುದೇ ಇರಲಿ, ಜಮೀನು ಎಷ್ಟೇ ಇರಲಿ, ಅರ್ಹನೇ. ಅರ್ಜಿಗೆ ಶುಲ್ಕವಿಲ್ಲ. ಬರೆಯಲು ಬಾರದವರ ಕೋರಿಕೆಯನ್ನು ಅರೆ ಕಾನೂನು ಸ್ವಯಂಸೇವಕರು ಬರೆದುಕೊಳ್ಳಬಹುದು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಈ ಸಂಖ್ಯೆಯನ್ನು ಪಂಚಾಯತ್ ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಲು ಯಾರ ಅನುಮೋದನೆಗೂ ಕಾಯಬೇಕಿಲ್ಲ.

ಉಚಿತವಾಗಿ ಸಿಗುವ ವಕೀಲರು ಅನನುಭವಿಗಳು ಎಂಬ ಮಾತು ಕಟ್ಟೆಯ ಮೇಲೆ ಕೇಳಿಬರುತ್ತದೆ. ಒಂದು ಕಾಲಕ್ಕೆ ಅದರಲ್ಲಿ ಸತ್ಯಾಂಶವಿದ್ದಿರಬಹುದು. 2022ರಲ್ಲಿ ರೂಪುಗೊಂಡ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆ ಅದನ್ನು ಸರಿಪಡಿಸಲೆಂದೇ ಬಂದುದು. ಜಿಲ್ಲಾ ಕೇಂದ್ರಗಳಲ್ಲಿ ಕೆಲಸ ಮಾಡುವ ಈ ಅಭಿರಕ್ಷಕರು ಖಾಸಗಿ ವಕೀಲಿ ಮಾಡುವಂತಿಲ್ಲ; ಆರೋಪಿಗಳ ಪರವಾದ ಕ್ರಿಮಿನಲ್ ಪ್ರಕರಣಗಳೇ ಅವರ ಪೂರ್ಣಾವಧಿ ಕೆಲಸ. ಮುಖ್ಯ ಅಭಿರಕ್ಷಕರಿಗೆ ಕನಿಷ್ಠ 10 ವರ್ಷಗಳ ಕ್ರಿಮಿನಲ್ ವಕೀಲಿ, ಸೆಷನ್ಸ್ ನ್ಯಾಯಾಲಯದಲ್ಲಿ ಕನಿಷ್ಠ 30 ವಿಚಾರಣೆಗಳ ಅನುಭವ ಇರಬೇಕೆಂಬುದು ಯೋಜನೆಯ ಷರತ್ತು. ಇನ್ನು ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆಯಿರುವ ಪ್ರಕರಣಗಳಲ್ಲಿ ಉಚಿತ ನೆರವಿನ ಮೂಲಕ ನೇಮಕವಾಗುವ ವಕೀಲರಿಗೆ ಕನಿಷ್ಠ 10 ವರ್ಷಗಳ ಅನುಭವವಿರಬೇಕು, ಸಿದ್ಧತೆಗೆ ಸಾಮಾನ್ಯವಾಗಿ ಏಳು ದಿನಗಳಾದರೂ ಸಿಗಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2019ರ ಅನೋಖಿಲಾಲ್ ತೀರ್ಪಿನಲ್ಲಿ ವಿಧಿಸಿದೆ. ಆ ಪ್ರಕರಣದಲ್ಲಿ ಕೆಳ ನ್ಯಾಯಾಲಯವು ವಕೀಲರನ್ನು ನೇಮಿಸಿದ ದಿನವೇ ದೋಷಾರೋಪ ಹೊರಿಸಿ, ಎರಡು ವಾರಗಳೊಳಗೆ ವಿಚಾರಣೆ ಮುಗಿಸಿ ಮರಣದಂಡನೆ ನೀಡಿತ್ತು. ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಪಡಿಸಿ ಹೊಸದಾಗಿ ವಿಚಾರಣೆ ನಡೆಸಲು ಆದೇಶಿಸಿತು. ಉಚಿತ ನೆರವಿನ ವಕೀಲರು ಕಕ್ಷಿದಾರರಿಂದ ಹಣ ಕೇಳುವಂತಿಲ್ಲ. ಕೇಳಿದರೆ ಸಮಿತಿಯ ಅಧ್ಯಕ್ಷರಾದ ನ್ಯಾಯಾಧೀಶರಿಗೇ ದೂರು ಕೊಡಬಹುದು.

ಸ್ವಂತ ಖರ್ಚಿನಲ್ಲಿ ವಕೀಲರನ್ನು ನೇಮಿಸಿಕೊಳ್ಳುವವರು ಅನುಭವವನ್ನು ಅಳೆಯುವುದು ಹೇಗೆ? ವಕೀಲರು ಜಾಹೀರಾತು ನೀಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಹೀಗಾಗಿ ಜೋರಾಗಿ ಪ್ರಚಾರವಾಗುವ ಹೆಸರನ್ನು ತುಸು ಅನುಮಾನದಿಂದ ನೋಡುವುದೇ ಲೇಸು. ಕೂರುವ ಕೊಠಡಿ, ಬರುವ ಕಾರು ಇವುಗಳಿಂದ ಏನೂ ತಿಳಿಯದು. ತಿಳಿಯುವುದು ನ್ಯಾಯಾಲಯದ ಸಭಾಂಗಣದಲ್ಲಿ. ಕ್ರಿಮಿನಲ್ ವಿಚಾರಣೆಗಳು ಸಾಮಾನ್ಯವಾಗಿ ಬಹಿರಂಗವಾಗಿ ನಡೆಯುತ್ತವೆ. ಯಾರಾದರೂ ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ಮುಂಜಾನೆ ನೋಡಬಹುದು. ಸಾಕ್ಷಿಯ ಪಾಟೀಸವಾಲು ಮಾಡುವವರು ಯಾರು, ಪ್ರತಿ ಮುದ್ದತ್ತಿಗೂ ಕಾಲಾವಕಾಶ ಕೇಳಿ ಹೊರಡುವವರು ಯಾರು ಎಂಬುದು ಕಾನೂನು ಓದದವರಿಗೂ ಕಾಣುತ್ತದೆ. ಅಷ್ಟು ವ್ಯವಧಾನವಿಲ್ಲದಿದ್ದರೆ ಇ-ಕೋರ್ಟ್ಸ್ ಜಾಲತಾಣ ಅಥವಾ ಮೊಬೈಲ್ ಆ್ಯಪ್‌ನಲ್ಲಿ ವಿಜಯಪುರ ಜಿಲ್ಲೆಯನ್ನೂ ಆಯಾ ತಾಲ್ಲೂಕಿನ ನ್ಯಾಯಾಲಯವನ್ನೂ ಆರಿಸಿ, ವಕೀಲರ ಹೆಸರಿನಿಂದಲೇ ಹುಡುಕಬಹುದು. ಅವರು ನಡೆಸುತ್ತಿರುವ ಪ್ರಕರಣಗಳು ಜಮೀನಿನವೋ ಕ್ರಿಮಿನಲ್ಲಿನವೋ ಎಂಬುದು ಅಲ್ಲಿ ತಿಳಿಯುತ್ತದೆ. ಪಂಚಾಯತ್ ಕಚೇರಿಯ ಗಣಕಯಂತ್ರದಲ್ಲಿ ಹತ್ತು ನಿಮಿಷದ ಕೆಲಸವಿದು. ಬಂಧನವಾಗುವ ಮುನ್ನವೇ ಮಾಡಿಟ್ಟುಕೊಂಡರೆ ಇನ್ನೂ ಒಳಿತು.

ಪ್ರಕರಣದ ಸ್ವರೂಪವನ್ನೂ ನೋಡಬೇಕು. ಕೊಲೆಯಂಥ ಆರೋಪದಲ್ಲಿ ಜಾಮೀನು ಅರ್ಜಿ ಸಾಮಾನ್ಯವಾಗಿ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ತಿರಸ್ಕೃತವಾದರೆ ನಮ್ಮ ಜಿಲ್ಲೆಯವರಿಗೆ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಪರಿಶಿಷ್ಟರ ಮೇಲಿನ ದೌರ್ಜನ್ಯ ಇವುಗಳಿಗೆ ವಿಶೇಷ ನ್ಯಾಯಾಲಯಗಳಿವೆ. ಮೊದಲ ದಿನ ತಾಲ್ಲೂಕಿನ ವಕೀಲರು, ಮುಂದಿನ ಹಂತದಲ್ಲಿ ಅವರೊಡನೆ ಜಿಲ್ಲಾ ಕೇಂದ್ರದವರು ಎಂಬ ಏರ್ಪಾಡಿಗೆ ಯಾವ ಅಡ್ಡಿಯೂ ಇಲ್ಲ.

ಶುಲ್ಕದ ಮಾತನ್ನು ಮೊದಲೇ ಆಡಬೇಕು: ಜಾಮೀನಿಗೆ ಎಷ್ಟು, ಪೂರ್ಣ ವಿಚಾರಣೆಗೆ ಎಷ್ಟು, ಕಂತು ಯಾವಾಗ ಎಂಬುದನ್ನು ಕಾಗದದ ಮೇಲೆ ಬರೆಸಿಕೊಂಡು ರಸೀದಿ ಪಡೆಯಬೇಕು. ನ್ಯಾಯಾಧೀಶರ ಪರಿಚಯವಿದೆ ಎಂದು ಹೇಳಿ ಹಣ ಕೇಳುವವರು ಯಾರೇ ಇರಲಿ, ಅಲ್ಲಿಂದ ಎದ್ದು ಬರಬೇಕು. ನ್ಯಾಯಾಲಯದ ಆವರಣದಲ್ಲಿ ಕಕ್ಷಿದಾರರನ್ನು ಹಿಡಿದು ತರುವ ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರವನ್ನು ವಕೀಲರ ಅಧಿನಿಯಮದ 2023ರ ತಿದ್ದುಪಡಿ ನ್ಯಾಯಾಲಯಗಳಿಗೆ ಕೊಟ್ಟಿದೆ. ವಕೀಲರನ್ನು ಬದಲಾಯಿಸಲು ಬಯಸಿದಾಗ ಶುಲ್ಕ ಬಾಕಿಯೆಂಬ ಕಾರಣಕ್ಕೆ ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2000ರಲ್ಲಿಯೇ ಹೇಳಿದೆ. ಇತ್ತ ಕಕ್ಷಿದಾರರ ಕರ್ತವ್ಯವೂ ಒಂದಿದೆ. ವಕೀಲರಿಗೆ ನಡೆದುದನ್ನು ನಡೆದಂತೆ ಹೇಳಬೇಕು. ಆ ಮಾತು ಗೋಪ್ಯವಾಗಿರಬೇಕೆಂಬುದನ್ನು ಭಾರತೀಯ ಸಾಕ್ಷ್ಯ ಅಧಿನಿಯಮವೇ ರಕ್ಷಿಸಿದೆ.

ಕೆಲವು ಆರೋಪಗಳು ಊರನ್ನೇ ಕೆರಳಿಸುತ್ತವೆ. ಆಗ ಆರೋಪಿಯ ಪರ ಯಾರೂ ವಕಾಲತ್ತು ವಹಿಸಬಾರದೆಂಬ ಒತ್ತಡ ಹುಟ್ಟುತ್ತದೆ. ಅಂಥ ನಿರ್ಣಯಗಳು ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ 2010ರ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸಾರಿತು. ಆದರೂ 2020ರ ಫೆಬ್ರುವರಿಯಲ್ಲಿ, ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಕಾಶ್ಮೀರದ ಮೂವರು ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಮೊಕದ್ದಮೆ ದಾಖಲಾದಾಗ, ಅಲ್ಲಿನ ವಕೀಲರ ಸಂಘ ಅವರ ಪರ ವಾದಿಸಬಾರದೆಂದು ನಿರ್ಣಯಿಸಿತು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆರೋಪಿಗಳ ಪರ ಹೊರಗಿನಿಂದ ಬಂದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಬೇಕಾಯಿತು. ಸಂಘವೂ ತನ್ನ ನಿರ್ಣಯವನ್ನು ಬದಲಿಸಿತು. ಅದೇ ವರ್ಷದ ಜೂನ್‌ನಲ್ಲಿ ಆ ಮೂವರಿಗೆ ಜಾಮೀನು ದೊರೆಯಿತು. ಕಾರಣ ಆರೋಪ ಸುಳ್ಳೆಂಬುದಲ್ಲ, 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿರಲಿಲ್ಲ ಎಂಬುದು.

ಈ ದಿನಗಳ ಎಣಿಕೆಯಲ್ಲಿಯೇ ವಕೀಲರ ನಿಜವಾದ ಪರೀಕ್ಷೆ ಇದೆ. ಸುರಕ್ಷಾ ಸಂಹಿತೆಯ 187ನೆಯ ಕಲಮಿನಂತೆ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಹಾಗೂ ಅದಕ್ಕೂ ಮಿಕ್ಕ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನಗಳೊಳಗೆ ತನಿಖೆ ಮುಗಿಯದಿದ್ದರೆ ಆರೋಪಿಗೆ ಜಾಮೀನು ಪಡೆಯುವ ಹಕ್ಕು ತಾನಾಗಿಯೇ ಹುಟ್ಟುತ್ತದೆ. ಎಣಿಕೆ ಬಂಧನದ ದಿನದಿಂದಲ್ಲ, ದಂಡಾಧಿಕಾರಿಯವರು ಬಂಧನಕ್ಕೆ ಒಪ್ಪಿಸಿದ ದಿನದಿಂದ. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ. ಆದರೆ ಹಕ್ಕು ಹುಟ್ಟಿದರೆ ಸಾಲದು, ಕೇಳಬೇಕು. 61ನೆಯ ದಿನ ಬೆಳಿಗ್ಗೆ ಅರ್ಜಿ ಹಾಕಿದವನು ಮನೆಗೆ ಬರುತ್ತಾನೆ. ಅರ್ಜಿ ಹಾಕದೆ ಕುಳಿತಿದ್ದು, ಮಧ್ಯಾಹ್ನ ದೋಷಾರೋಪ ಪಟ್ಟಿ ಸಲ್ಲಿಕೆಯಾದರೆ ಆ ಹಕ್ಕು ಕೈತಪ್ಪುತ್ತದೆ. ಮನೆಯವರು ವಕೀಲರನ್ನು ಮೊದಲ ಭೇಟಿಯಲ್ಲಿಯೇ ಕೇಳಬೇಕಾದ ಪ್ರಶ್ನೆ ಇದು: ನಮ್ಮದು 60 ದಿನದ್ದೋ 90 ದಿನದ್ದೋ, ಕಡೆಯ ದಿನ ಯಾವುದು? ತಡವರಿಸದೆ ತಾರೀಖು ಹೇಳುವ ವಕೀಲರನ್ನು ನಂಬಬಹುದು. ಆ ತಾರೀಖನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಸುವುದು ಸದಸ್ಯರ ಕೆಲಸ.

ಇಂಡಿ, ಸಿಂದಗಿ ಭಾಗದವರು ದುಡಿಯಲು ಸೊಲ್ಲಾಪುರ, ಪುಣೆಗಳ ಕಡೆ ಹೋಗುವುದುಂಟು. ಅಲ್ಲಿ ಬಂಧನವಾದರೆ ನ್ಯಾಯಾಲಯವೂ ಅಲ್ಲಿನದೇ, ಕಾಗದಪತ್ರಗಳು ಮರಾಠಿಯಲ್ಲಿ. ಇಲ್ಲಿನ ವಕೀಲರನ್ನು ಕರೆದೊಯ್ಯುವುದಕ್ಕಿಂತ ಅಲ್ಲಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸುವುದು ಸೂಕ್ತ. 15100 ದೇಶದಾದ್ಯಂತ ಒಂದೇ.

ಕಡೆಯದಾಗಿ ಜಾಮೀನುದಾರರ ವಿಷಯ. ಆದೇಶವಾದರೂ ಭದ್ರತೆ ಕೊಡುವವರಿಲ್ಲದೆ ವಿಜಯಪುರದ ಕೇಂದ್ರ ಕಾರಾಗೃಹದಲ್ಲಿಯೇ ಉಳಿದರೆ ಆ ಆದೇಶದಿಂದ ಪ್ರಯೋಜನವೇನು? ಪಹಣಿ, ಆಧಾರ್ ಮತ್ತು ಭಾವಚಿತ್ರಗಳೊಂದಿಗೆ ಜಾಮೀನುದಾರರನ್ನು ಮುಂಚಿತವಾಗಿ ಗೊತ್ತುಪಡಿಸಿಟ್ಟರೆ ಒಂದು ವಾರ ಉಳಿಯುತ್ತದೆ. ಬೇರೆ ಜಿಲ್ಲೆಯವರೆಂಬ ಒಂದೇ ಕಾರಣಕ್ಕೆ ಜಾಮೀನುದಾರರನ್ನು ನಿರಾಕರಿಸಲಾಗದೆಂದು 1978ರ ಮೋತಿರಾಮ್ ತೀರ್ಪು ಹೇಳುತ್ತದೆ. ಜಾಮೀನು ದೊರೆತು ಏಳು ದಿನಗಳಾದರೂ ಬಿಡುಗಡೆಯಾಗದಿದ್ದರೆ ಕಾರಾಗೃಹದ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯವರಿಗೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಜನವರಿಯಲ್ಲಿ ನಿರ್ದೇಶಿಸಿದೆ. ಎಂಟನೆಯ ದಿನ ಆ ಕಾರ್ಯದರ್ಶಿಯವರ ಕಚೇರಿಗೆ ಗ್ರಾಮ ಪಂಚಾಯತ್‌ನಿಂದಲೂ ಒಂದು ಪತ್ರ ಹೋಗಬಹುದು; ಅದರಲ್ಲಿ ಅಪರಾಧ ಸಂಖ್ಯೆ, ನ್ಯಾಯಾಲಯದ ಹೆಸರು ಮತ್ತು ಜಾಮೀನು ಆದೇಶದ ದಿನಾಂಕ ಇದ್ದರೆ ಸಾಕು.