ದಂಡನಾಯಕನ ಗುಡಿ, ಮುಖ್ಯಮಂತ್ರಿಯ ರಾಜೀನಾಮೆ



ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಕಟ್ಟಿಸಿದವನು ಹೊಯ್ಸಳ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ. ಊರನ್ನು ಅಗ್ರಹಾರ ಮಾಡಿ ವಿಜಯ ಸೋಮನಾಥಪುರವೆಂದು ಕರೆದ. ಆ ಹೆಸರಿನಲ್ಲಿ ದೊರೆಯ ನೆರಳೂ ಇದೆ. ಗುಡಿ ಎದ್ದದ್ದು ಭಕ್ತಿಯಿಂದಲೋ, ಅರಸನ ಮೆಚ್ಚುಗೆಗೋ? ಆಗ ಮತಪೆಟ್ಟಿಗೆ ಇರಲಿಲ್ಲ, ಮೆಚ್ಚಿಸಬೇಕಾದವರು ಮಾತ್ರ ಇದ್ದೇ ಇದ್ದರು.

ಇದೇ ಪ್ರಶ್ನೆ ನಮ್ಮ ಕಾಲದ ರಾಮಕೃಷ್ಣ ಹೆಗಡೆಯವರ ಬಗ್ಗೆಯೂ ಏಳುತ್ತದೆ. 1983ರಲ್ಲಿ ಅವರು ಮುಖ್ಯಮಂತ್ರಿಯಾದಾಗ ಜನತಾ ರಂಗಕ್ಕೆ ಇದ್ದದ್ದು 95 ಸ್ಥಾನ. ಬಿಜೆಪಿ ಮತ್ತು ಎಡಪಕ್ಷಗಳ ಹೊರಗಿನ ಬೆಂಬಲದಿಂದ ಸರ್ಕಾರ ನಡೆಯುತ್ತಿತ್ತು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಪಕ್ಷಕ್ಕೆ 28ರಲ್ಲಿ 4 ಸ್ಥಾನ ಮಾತ್ರ ಬಂತು. ಜನಾದೇಶ ಕಳೆದುಕೊಂಡೆವೆಂದು ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆಯ ವಿಸರ್ಜನೆಗೆ ಶಿಫಾರಸು ಮಾಡಿದರು. ಯಾರೂ ಕೇಳಿರಲಿಲ್ಲ, ಕಾನೂನಿನ ಒತ್ತಾಯವೂ ಇರಲಿಲ್ಲ. 1985ರ ಮಾರ್ಚಿನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಪರರ ಹಂಗಿನ ಸರ್ಕಾರ ಮೂರೇ ತಿಂಗಳಲ್ಲಿ ಸ್ವಂತ ಬಲದ್ದಾಯಿತು. ಮೌಲ್ಯಾಧಾರಿತ ರಾಜಕಾರಣವೆಂದರು ಮೆಚ್ಚುವವರು, ಚಾಣಾಕ್ಷತನವೆಂದರು ಮೆಚ್ಚದವರು. ಇಬ್ಬರ ಮಾತೂ ಸುಳ್ಳಲ್ಲ; ಲಾಭ ಬಂದ ಕೂಡಲೇ ತತ್ವ ಹುಸಿಯಾಗುವುದಿಲ್ಲ.

ಆದ್ದರಿಂದ ರಾಜೀನಾಮೆಗಿಂತ ಒಳ್ಳೆಯ ಒರೆಗಲ್ಲು ಬೇಕು. ಅದು ಪಂಚಾಯತ್ ಕಾಯ್ದೆ. ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊಡಿಸಿ 'ನೀರ್ ಸಾಬ್' ಎನಿಸಿಕೊಂಡವರು. ಕೊಳವೆ ಬಾವಿ ಮತ ತರುತ್ತದೆ, ಅದರಲ್ಲಿ ಅನುಮಾನವೇ ಬೇಡ. ಆದರೆ ಅವರೇ ಮುಂದೆ ನಿಂತು ತಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟಿತು, ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಶಾಲೆಗೆ ಮೇಷ್ಟರನ್ನು ಹಾಕಿಸುವುದು, ರಸ್ತೆ ಮಂಜೂರು ಮಾಡಿಸುವುದು ಶಾಸಕರ ಬಂಡವಾಳ. ಅದನ್ನೇ ಪರರಿಗೆ ಹಂಚುವ ಕೆಲಸವನ್ನು ಸ್ವಪಕ್ಷದ ಶಾಸಕರು ಹೇಗೆ ಮೆಚ್ಚಿಯಾರು? 1987ರ ಜನವರಿಯಲ್ಲಿ ಚುನಾವಣೆ ನಡೆದು ಕೆಲವು ಪರಿಷತ್ತುಗಳು ಕಾಂಗ್ರೆಸ್ಸಿನ ಕೈಗೂ ಹೋದವು. ಎದುರಾಳಿಗೂ ಕುರ್ಚಿ ಕೊಡುವ ಕಾನೂನನ್ನು ಮತಕ್ಕಾಗಿ ಮಾತ್ರ ಯಾರೂ ಬರೆಯುವುದಿಲ್ಲ.

ಫಲವೇನಾಯಿತು? ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ದೂರವಾಣಿ ಕದ್ದಾಲಿಕೆಯ ಆರೋಪದಲ್ಲಿ ಅದೇ ವರ್ಷ ಹೆಗಡೆ ಅಧಿಕಾರ ಬಿಟ್ಟರು. ಮೌಲ್ಯದ ಮಾತಾಡಿದವರ ಮೇಲೆ ಬಂದ ಆರೋಪವಾದ್ದರಿಂದ ಅದು ಹೆಚ್ಚು ಚುಚ್ಚಿತು. 1989ರಲ್ಲಿ ಜನತಾದಳಕ್ಕೆ ದಕ್ಕಿದ್ದು 24 ಸ್ಥಾನ, ಕಾಂಗ್ರೆಸ್ಸಿಗೆ 178. ಪಕ್ಷ ಒಡೆದು ಬೇರೆ ನಿಂತಿದ್ದ ದೇವೇಗೌಡರೂ ಹೊಳೆನರಸೀಪುರದಲ್ಲಿ ಸೋತರು. ಸೋಲಿಗೆ ಒಳಜಗಳವೇ ದೊಡ್ಡ ಕಾರಣವಿರಬಹುದು. ಪಂಚಾಯಿತಿಯಂತೂ ಅದನ್ನು ತಡೆಯಲಿಲ್ಲ. ಮಂಡಲ ಪಂಚಾಯಿತಿಗಳು ಹೋಗಿ, 1993ರ ಹೊಸ ಕಾಯ್ದೆಯಡಿ ಗ್ರಾಮ ಪಂಚಾಯಿತಿಗಳು ಬಂದವು. ಮೀಸಲು ಸ್ಥಾನದಿಂದ ಗೆದ್ದ ಹೆಂಗಸರು ಮಾತ್ರ ಮತ್ತೆ ಮನೆಯೊಳಗೆ ಹೋಗಲಿಲ್ಲ; ಹೊಸ ಕಾಯ್ದೆಯಲ್ಲಿ ಅವರ ಪಾಲು ಮೂರನೇ ಒಂದಕ್ಕೆ ಏರಿತು.