ಹೊಸ ಪಿಸಿ ಸುಮ್ಮಸುಮ್ಮನೆ ಕ್ರ್ಯಾಶ್ ಆಗ್ತಿದೆಯಾ? ಫಾರ್ಮ್ಯಾಟ್ ಮಾಡೋ ಮುಂಚೆ ಇದನ್ನ ನೋಡಿ

ಇವತ್ತಿನ ವಿಷಯ ನಮ್ಮಂಥ ಐಟಿ ಜನಕ್ಕೆ ಬಹಳ ಹತ್ತಿರದ್ದು. ಆಫೀಸಿನಲ್ಲಿ ಸರ್ವರ್ ಬಿದ್ರೆ ಲಾಗ್ ತೆಗೆದು ರಾತ್ರಿಯೆಲ್ಲ ಕೂರ್ತೀವಿ. ಮನೆಯಲ್ಲಿ ನಮ್ಮದೇ ಪಿಸಿ ಬಿದ್ರೆ ಮಾತ್ರ "ಫಾರ್ಮ್ಯಾಟ್ ಹೊಡೆದುಬಿಡೋಣ" ಅಂತೀವಿ. ಲಾಗ್ ನೋಡೋ ಬುದ್ಧಿ ಚಪ್ಪಲಿ ಜೊತೆ ಬಾಗಿಲ ಹೊರಗೇ ಉಳಿಯುತ್ತೆ.

ನನ್ನ ಕೇಸನ್ನೇ ಹೇಳ್ತೀನಿ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಇಲ್ಲಿಯವರು ಸಿಟಿಸಿ ಅಂತಾರೆ, ನಮ್ಮ ಎಸ್.ಪಿ. ರೋಡ್ ಇದ್ದ ಹಾಗೆ. ಅಲ್ಲಿಂದ ಪಾರ್ಟ್ಸ್ ತಂದು ಮನೆಯಲ್ಲೇ ಜೋಡಿಸಿದ ಪಿಸಿ. ರೈಜೆನ್ 7000 ಸರಣಿಯ ಪ್ರೊಸೆಸರ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಸ್ಟಿಕ್. ಒಟ್ಟು ಖರ್ಚು ಲಕ್ಷ ದಾಟಿತ್ತು. ಮೂರು ದಿನ ಚೆನ್ನಾಗಿ ಓಡ್ತು. ನಾಲ್ಕನೇ ದಿನ ಬ್ಲೂ ಸ್ಕ್ರೀನ್, ಮರುದಿನ ಎರಡು ಸಲ. ಆಮೇಲೆ ಬ್ರೌಸರ್ ಟ್ಯಾಬ್ ತಾನಾಗೇ ಸಾಯೋದು, ಬಿಲ್ಡ್ ಮಧ್ಯೆ ಕಂಪೈಲರ್ ಬೀಳೋದು, ಅದೇ ಕೋಡ್ ಮತ್ತೆ ಓಡಿಸಿದ್ರೆ ಪಾಸ್ ಆಗೋದು.

ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೊ, ವಿಡಿಯೊ ಎಲ್ಲ ನನ್ನ ಮತ್ತು ಹೆಂಡತಿಯ ಫೋನಲ್ಲಿ ತುಂಬಿಕೊಂಡಿತ್ತು. ಅದನ್ನ ಈ ಪಿಸಿಗೆ ಇಳಿಸಿ ಫೋನ್ ಖಾಲಿ ಮಾಡೋದು ಅಂತ ಪ್ಲಾನ್. ಕಾಪಿ ಮುಗಿದಿತ್ತು, ಡಿಲೀಟ್ ಮಾಡೋದಷ್ಟೇ ಬಾಕಿ. ಇನ್ನೊಂದು ಕಡೆ ಅಂಗಡಿಯ ರಿಪ್ಲೇಸ್‌ಮೆಂಟ್ ಗಡುವು 10 ದಿನ. ಅದರಲ್ಲಿ ಅರ್ಧ ಆಗಲೇ ಕಳೆದಿತ್ತು.

ಮೊದಲು ಈವೆಂಟ್ ವ್ಯೂವರ್ ತೆಗೆದೆ. ಅಲ್ಲಿ ಕೆಂಪು ಗುರುತಿನ ಜೊತೆ ಕರ್ನಲ್-ಪವರ್ 41 ಕಾಣುತ್ತೆ. "ಪವರ್" ಅಂತ ನೋಡಿದ ತಕ್ಷಣ ಜನ ಎಸ್‌ಎಂಪಿಎಸ್ ಹೋಯ್ತು ಅಂದ್ಕೋತಾರೆ. ಹಾಗಲ್ಲ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನೋದಷ್ಟೇ ಅದರ ಅರ್ಥ. ಅದರೊಳಗೆ ಬಗ್‌ಚೆಕ್ ಕೋಡ್ ಸೊನ್ನೆ ಇದ್ರೆ, ವಿಂಡೋಸ್‌ಗೆ ಏನನ್ನೂ ಬರೆದಿಡೋಕೆ ಪುರಸೊತ್ತೇ ಸಿಗಲಿಲ್ಲ ಅಂತ. ಆಗ ಕರೆಂಟು, ಎಸ್‌ಎಂಪಿಎಸ್, ಸಡಿಲ ಕೇಬಲ್ ಕಡೆ ನೋಡಬೇಕು. ಗೇಮ್ ಶುರು ಮಾಡಿದ ತಕ್ಷಣ ಪಟ್ ಅಂತ ಆಫ್ ಆಗೋದು ಹೆಚ್ಚಾಗಿ ಈ ಜಾತಿ.

ನನ್ನದರಲ್ಲಿ ಕೋಡ್ ಇತ್ತು, ಆದ್ರೆ ಪ್ರತಿ ಸಲ ಬೇರೆ ಬೇರೆ. ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್, ಒಮ್ಮೆ ಪೇಜ್ ಫಾಲ್ಟ್, ಇನ್ನೊಮ್ಮೆ ಐಆರ್‌ಕ್ಯೂಎಲ್. ಇದು ಒಳ್ಳೆಯ ಸುಳಿವು. ಡ್ರೈವರ್ ಕೆಟ್ಟಿದ್ರೆ ಸಾಮಾನ್ಯವಾಗಿ ಅದೇ ಡ್ರೈವರ್ ಹೆಸರು ಮತ್ತೆ ಮತ್ತೆ ಬರುತ್ತೆ. ಕಳ್ಳ ದಿನಕ್ಕೊಂದು ವೇಷ ಹಾಕ್ತಾ ಇದ್ದಾನೆ ಅಂದ್ರೆ ಮೊದಲ ಅನುಮಾನ ರ‍್ಯಾಮ್ ಮೇಲೆ ಇರಲಿ. ಇಂಥ ಹೊತ್ತಲ್ಲಿ ಫಾರ್ಮ್ಯಾಟ್ ಮಾಡೋದು ಬೇಡವೇ ಬೇಡ, ಯಾಕಂದ್ರೆ ಹೊಸ ವಿಂಡೋಸ್ ಕೂಡ ಅದೇ ಕೆಟ್ಟ ರ‍್ಯಾಮ್ ದಾಟಿಯೇ ಡಿಸ್ಕಿಗೆ ಹೋಗೋದು.

ಈಗ ಎಕ್ಸ್‌ಪೋ. ಇಂಟೆಲ್ ಕಡೆ ಎಕ್ಸ್‌ಎಂಪಿ ಅಂತಾರೆ. ಡಬ್ಬದ ಮೇಲೆ 6000 ಅಂತ ಬರೆದಿರುತ್ತೆ. ಆದ್ರೆ ರೈಜೆನ್ 7000ಕ್ಕೆ ಎರಡು ಸ್ಟಿಕ್ ಹಾಕಿದಾಗ ಎಎಂಡಿ ಅಧಿಕೃತವಾಗಿ ಹೇಳೋದು 5200ರ ತನಕ. ನಾಲ್ಕು ಸ್ಟಿಕ್ ಹಾಕಿದ್ರೆ 3600 ಅಷ್ಟೇ! ಅಂದ್ರೆ 6000 ಅನ್ನೋದು ಓವರ್‌ಕ್ಲಾಕ್. ಹಾಗಾಗಿ ಬಯೋಸ್‌ಗೆ ಹೋಗಿ ಎಕ್ಸ್‌ಪೋ ಆಫ್ ಮಾಡಿದೆ. 4800ಕ್ಕೆ ಇಳೀತು, ಕ್ರ್ಯಾಶ್ ಬಹಳ ಕಡಿಮೆ ಆಯ್ತು.

ತುಂಬಾ ಜನ ಇಲ್ಲಿಗೇ ಕೈ ತೊಳ್ಕೊಂಡು ಎದ್ದುಬಿಡ್ತಾರೆ. ವಾಟ್ಸಾಪ್ ಗ್ರೂಪಿನಲ್ಲೂ ನನಗೆ ಅದೇ ಸಲಹೆ ಬಂತು: "ಓಡ್ತಾ ಇದೆಯಲ್ಲ ಗುರು, ಬಿಡು." ನಾನು ಒಪ್ಪಲ್ಲ. ಕಡಿಮೆ ಆಯ್ತು ಅಂದ್ರೆ ಹೋಯ್ತು ಅಂತಲ್ಲ. ಕ್ರ್ಯಾಶ್ ಆದ್ರೆ ಕಣ್ಣಿಗಾದ್ರೂ ಕಾಣುತ್ತೆ. ಒಂದು ಬಿಟ್ ತಪ್ಪಾಗಿ, ಕ್ರ್ಯಾಶೂ ಆಗದೆ, ಫೈಲಿನೊಳಗೆ ಹೋಗಿ ಕೂತ್ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ? "ಡಿಡಿಆರ್5ನಲ್ಲಿ ಇಸಿಸಿ ಇದೆಯಲ್ಲ" ಅಂತ ಕೆಲವರು ಕೇಳ್ತಾರೆ. ಅದು ಚಿಪ್ಪಿನ ಒಳಗಿನ ತಿದ್ದುಪಡಿ ಮಾತ್ರ, ಸರ್ವರ್‌ಗಳಲ್ಲಿ ಇರೋ ಪೂರ್ತಿ ಇಸಿಸಿ ಅಲ್ಲ.

ಮೆಮ್‌ಟೆಸ್ಟ್86 ಪ್ಲಸ್ ಅಂತ ಒಂದು ಟೂಲ್ ಇದೆ, ಉಚಿತ. ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಬೂಟ್ ಮಾಡಬೇಕು. ರಾತ್ರಿ ಹಚ್ಚಿ ಮಲಗಿ. ಬರಬೇಕಾದ ಎರರ್ ಸಂಖ್ಯೆ ಸೊನ್ನೆ. ಒಂದು ಬಂದ್ರೂ ಫೇಲ್, "ಒಂದೇ ತಾನೆ" ಅನ್ನೋ ಹಾಗಿಲ್ಲ. ನನ್ನದರಲ್ಲಿ 4800ನಲ್ಲೂ ಕೆಂಪು ಸಾಲು ಬಂತು.

ಆದ್ರೆ ತಪ್ಪು ರ‍್ಯಾಮಿನದೋ, ಬೋರ್ಡಿನ ಸ್ಲಾಟಿನದೋ, ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ನದೋ? ಇದಕ್ಕೆ ಒಂದೊಂದೇ ಸ್ಟಿಕ್ ಹಾಕಿ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಬರೆದಿಡಿ. ನಾನು ಎರಡೂ ಸ್ಟಿಕ್ಕಿಗೆ ಪೆನ್ನಿಂದ ಗುರುತು ಹಾಕಿದೆ. ಮೊದಲನೆಯದು ಎ2 ಸ್ಲಾಟಿನಲ್ಲೂ ಪಾಸ್, ಬಿ2ನಲ್ಲೂ ಪಾಸ್. ಎರಡನೆಯದು ಎರಡೂ ಕಡೆ ಫೇಲ್, ಅದೂ ಅರ್ಧ ಗಂಟೆಯೊಳಗೆ. ಬೋರ್ಡ್ ಅದೇ, ಪ್ರೊಸೆಸರ್ ಅದೇ, ತಪ್ಪು ಮಾತ್ರ ಸ್ಟಿಕ್ ಹಿಂದೆಯೇ ಓಡಾಡ್ತಾ ಇದೆ. ಇನ್ನೇನು ಸಾಕ್ಷಿ ಬೇಕು? ಒಂದು ಮಾತು, ಡಿಡಿಆರ್5 ಸ್ಟಿಕ್ ಬದಲಿಸಿದಾಗ ಮೊದಲ ಬೂಟಿನಲ್ಲಿ ಕೆಲವು ನಿಮಿಷ ಸ್ಕ್ರೀನ್ ಕಪ್ಪಗೇ ಇರಬಹುದು. ಮೆಮೊರಿ ಟ್ರೈನಿಂಗ್ ನಡೀತಾ ಇರುತ್ತೆ. ಗಾಬರಿಯಾಗಿ ಸ್ವಿಚ್ ಒತ್ತಬೇಡಿ.

ಎಂಟನೇ ದಿನ ಅಂಗಡಿಗೆ ಹೋದೆ. ಅವರು ತಮ್ಮ ಟೇಬಲ್ ಮೇಲಿನ ಬೋರ್ಡಿಗೆ ಹಾಕಿ ವಿಂಡೋಸ್ ಬೂಟ್ ಮಾಡಿ ತೋರಿಸಿದ್ರು. "ಚಲ್ ರಾ ನಾ ಸಾಬ್!" ಓಡುತ್ತೆ, ಬೂಟ್ ಆಗೋಕೆ ಏನು ಮಹಾ. ಜಗಳ ಆಡಲಿಲ್ಲ. ನನ್ನ ಪೆನ್‌ಡ್ರೈವ್ ಕೊಟ್ಟು, "ಭಾಯ್, ಎಕ್ಸ್‌ಪೋ ಆಫ್ ಇರಲಿ, ಇದನ್ನ ಹಚ್ಚಿ, ನಾನು ಚಹಾ ಕುಡಿದು ಬರ್ತೀನಿ" ಅಂದೆ. ಎರಡು ಇರಾನಿ ಚಹಾ ಮುಗಿಯೋ ಹೊತ್ತಿಗೆ ಅವರ ಬೋರ್ಡಿನಲ್ಲೇ ಕೆಂಪು ಸಾಲು. ಎಕ್ಸ್‌ಪೋ ಆಫ್ ಇದ್ದದ್ದರಿಂದ "ಓವರ್‌ಕ್ಲಾಕ್ ಮಾಡಿ ಕೆಡಿಸಿದ್ದೀರಿ" ಅನ್ನೋಕೂ ಜಾಗ ಇರಲಿಲ್ಲ. ಜೋಡಿಯಾಗಿ ಬಂದ ಕಿಟ್, ಹಾಗಾಗಿ ಎರಡೂ ಸ್ಟಿಕ್ ಬದಲಿಸಿಕೊಟ್ರು. ನೀವೂ ಒಂದನ್ನೇ ಬದಲಿಸ್ಕೊಂಡು ಬೇರೆ ಕಂಪನಿಯದು ಮಿಕ್ಸ್ ಮಾಡೋಕೆ ಹೋಗಬೇಡಿ.

ಮನೆಗೆ ಬಂದು ಹೊಸ ಕಿಟ್ ಹಾಕಿ, 6000ದಲ್ಲೇ ರಾತ್ರಿಯೆಲ್ಲ ಓಡಿಸಿದೆ. ಸೊನ್ನೆ ಎರರ್. ಆಮೇಲೆ ಫೋಟೊ ವಿಷಯ. ಫೋನಿನಿಂದ ಎಲ್ಲವನ್ನೂ ಇನ್ನೊಂದು ಫೋಲ್ಡರಿಗೆ ಹೊಸದಾಗಿ ಕಾಪಿ ಮಾಡಿ, ಪವರ್‌ಶೆಲ್‌ನಲ್ಲಿ ಎರಡೂ ಫೋಲ್ಡರಿನ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಹೋಲಿಸಿದೆ. ಸುಮಾರು 14,000 ಫೈಲಿನಲ್ಲಿ 11 ಹೊಂದಲಿಲ್ಲ. ಅದರಲ್ಲಿ ಎರಡು ಫೋಟೊ ತೆರೆದಾಗ ಅರ್ಧದಿಂದ ಕೆಳಗೆ ಬೂದು ಪಟ್ಟಿ. ಉಳಿದ ಒಂಬತ್ತು ನೋಡೋಕೆ ಚೆನ್ನಾಗಿಯೇ ಇದ್ವು. ಮೂಲ ಫೋನಲ್ಲೇ ಇದ್ದದ್ದರಿಂದ ಹಳೆ ಫೋಲ್ಡರ್ ಪೂರ್ತಿ ಅಳಿಸಿದೆ. ವಿಂಡೋಸ್ ಕೂಡ ಆಗಲೇ ಮತ್ತೆ ಹಾಕಿದ್ದು, ಫಾರ್ಮ್ಯಾಟಿನ ಸರದಿ ಬರೋದು ಕೊನೆಗೆ.

ಊರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಸಾವಿರ ರೂಪಾಯಿ ಕಡಿಮೆ ಅಂತ ಪಾರ್ಟ್ಸ್ ತರೋರು ನಮ್ಮಲ್ಲಿ ಬಹಳ. ತನ್ನಿ, ಬೇಡ ಅನ್ನಲ್ಲ. ಆದ್ರೆ ರ‍್ಯಾಮ್, ಬೋರ್ಡ್ ಮಾತ್ರ ನೀವಿರೋ ಊರಲ್ಲೇ ತಗೊಳ್ಳಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸ್ಕೊಳ್ಳಿ. ತಂದ ದಿನ ರಾತ್ರಿಯೇ, ವಿಂಡೋಸ್ ಹಾಕೋ ಮುಂಚೆ, ಮೆಮ್‌ಟೆಸ್ಟ್ ಹಚ್ಚಿ ಮಲಗಿ.