ದೂರಪ್ರಯಾಣ ಮತ್ತು ಮಕ್ಕಳ ಕಾಯಿಲೆ
(ಬೇಸಿಗೆ ರಜೆಗೆ ಮುನ್ನ ಸಂಘದ ಸಭಾಂಗಣದಲ್ಲಿ ಮಾಡಿದ ಭಾಷಣದ ಪಠ್ಯ)



ನಾನು ವೈದ್ಯನಲ್ಲ, ಕೇಂದ್ರ ಸರ್ಕಾರದ ಲೆಕ್ಕಪತ್ರ ಶಾಖೆಯಲ್ಲಿ ಮೂರು ದಶಕ ಕಳೆದವನು. ಆದರೆ ಹೊರನಾಡ ಕನ್ನಡಿಗನಿಗೆ ಊರೆಂದರೆ ಎರಡು ರಾತ್ರಿಯ ರೈಲು. ಆ ಎರಡು ರಾತ್ರಿಗಳ ನಡುವೆ ಎಳೆಯ ಮಗುವಿಗೆ ಕಾಯಿಲೆ ಬಂದರೆ ಏನಾಗುತ್ತದೆಂಬುದನ್ನು ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ಅವರಲ್ಲಿ ನಾನೂ ಒಬ್ಬನೆಂಬುದಷ್ಟೇ ನನ್ನ ಅರ್ಹತೆ.

2000ನೆಯ ಇಸವಿಯ ಮೇ ತಿಂಗಳು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಯಿಂದ ಹೊರಟಿದ್ದೆವು: ತಾಯಿ, ಪತ್ನಿ, ನಾನು, ಎರಡು ವರ್ಷದ ಮಗಳು. ಭೋಪಾಲ ದಾಟಿದ ಮೇಲೆ ಮಗುವಿಗೆ ವಾಂತಿ ಆರಂಭವಾಯಿತು. ಇಟಾರ್ಸಿಯ ಹೊತ್ತಿಗೆ ನೀರಿನಂತಹ ಭೇದಿ. ಸ್ಲೀಪರ್ ಬೋಗಿಯ ಕಿಟಕಿಯಿಂದ ಬರುತ್ತಿದ್ದುದು ಗಾಳಿಯಲ್ಲ, ಬೆಂಕಿ. ಸಹಪ್ರಯಾಣಿಕರ ಕರುಣೆಗೆ ಕೊರತೆಯಿರಲಿಲ್ಲ. ಒಬ್ಬರು ತಂಪು ಪಾನೀಯ ಕೊಡಿ ಎಂದರು, ಇನ್ನೊಬ್ಬರು ಭೇದಿ ನಿಲ್ಲಿಸುವ ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡಿ ಎಂದರು, ಮೂರನೆಯವರು ಏನನ್ನೂ ಕೊಡಲೇಬೇಡಿ ಎಂದರು. ಮೂರೂ ಅಪಾಯಕರ. ಅತಿ ಸಿಹಿಯಾದ ಪಾನೀಯ ಕರುಳಿಗೆ ನೀರೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಅಂತಹ ಮಾತ್ರೆ ಎಳೆಯ ಮಕ್ಕಳಿಗೆ ಸಲ್ಲದು. ಇನ್ನು 'ಲಂಘನಂ ಪರಮೌಷಧಂ' ಎಂಬುದು ಉಂಡು ಕೆಟ್ಟ ದೊಡ್ಡವರಿಗೆ ಹೇಳಿದ ಮಾತೇ ಹೊರತು ನೀರಾರುತ್ತಿರುವ ಕೂಸಿಗೆ ಹೇಳಿದ್ದಲ್ಲ.

ಪತ್ನಿಯ ಚೀಲದಲ್ಲಿ ಓಆರ್‌ಎಸ್ ಪೊಟ್ಟಣಗಳೆರಡಿದ್ದವು. ಒಂದು ಲೀಟರಿನ ನೀರಿನ ಬಾಟಲಿಗೆ ಒಂದನ್ನು ಪೂರ್ತಿಯಾಗಿ ಕರಗಿಸಿ, ಚಮಚದಿಂದ ಗುಟುಕು ಗುಟುಕಾಗಿ ಕುಡಿಸತೊಡಗಿದಳು. ವಾಂತಿಯಾದರೆ ಹತ್ತು ನಿಮಿಷ ಬಿಡುವುದು, ಮತ್ತೆ ಇನ್ನೂ ನಿಧಾನವಾಗಿ ಕುಡಿಸುವುದು. ಟಿಕೆಟ್ ಪರೀಕ್ಷಕರು ಮುಂದಿನ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸಿದ್ದರಿಂದ ಭುಸಾವಳದಲ್ಲಿ ರೈಲ್ವೆ ವೈದ್ಯರು ಬೋಗಿಗೇ ಬಂದರು. ಅವರು ಮರಾಠಿಯಲ್ಲಿ 'ತಾಪ ಆಹೇ ಕಾ?' ಎಂದು ಕೇಳಿದರು. ಹಾಸನದ ಕಡೆಯ ನನ್ನ ತಾಯಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, 'ತಾಪ ಬಹಳ ಇದೆಯಪ್ಪ' ಎಂದುಬಿಟ್ಟರು. ವೈದ್ಯರು ಕೇಳಿದ್ದು ಮಗುವಿನ ಜ್ವರವನ್ನು. ತಾಯಿ ಹೇಳಿದ್ದು ಖಾನದೇಶದ ಬಿಸಿಲನ್ನು. ಥರ್ಮಾಮೀಟರಿನಲ್ಲಿ ಜ್ವರವಿರಲಿಲ್ಲ. ವೈದ್ಯರು ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟು ನೋಡಿದರು, ಅಳುವಾಗ ಕಣ್ಣೀರು ಬರುತ್ತದೆಯೇ ಎಂದು ನೋಡಿದರು, ಚಮಚವನ್ನು ತಾವೇ ತುಟಿಗಿಟ್ಟರು. ಮಗು ಆತುರದಿಂದ ಹೀರಿತು. 'ಕುಡಿಯುವ ತನಕ ಪ್ರಯಾಣ ಮಾಡಿ. ಕುಡಿಯದೆ ಜೋಲು ಬಿದ್ದರೆ, ಮನಮಾಡಿನೊಳಗೆ ಮೂತ್ರವಾಗದಿದ್ದರೆ, ಅಲ್ಲಿ ಇಳಿದು ಆಸ್ಪತ್ರೆಗೆ ಹೋಗಿ' ಎಂದರು.

ಮುಂದಿನ ಆ ಕೆಲವು ಗಂಟೆಗಳಲ್ಲಿ ನಾವು ಮೂವರು ಹಿರಿಯರು ಮಾತನಾಡಿದ್ದು ಬಹಳ ಕಡಿಮೆ. ಪೆಟ್ಟಿಗೆಗಳನ್ನು ಇಳಿಸಲು ಸಿದ್ಧವಾಗಿ ಬಾಗಿಲ ಬಳಿ ಜೋಡಿಸಿದ್ದೆ. ಚಾಳೀಸಗಾಂವ್ ದಾಟಿದ ಮೇಲೆ ಮಗು ಅಜ್ಜಿಯ ಸೀರೆಯನ್ನು ತೋಯಿಸಿತು. ತಾಯಿ 'ಗಂಗಮ್ಮ ಬಂದಳು' ಎಂದು ಕೈಮುಗಿದರು. ಪೆಟ್ಟಿಗೆಗಳನ್ನು ಮತ್ತೆ ಒಳಗೆಳೆದೆ.

ಆ ಪೊಟ್ಟಣದ ಹಿಂದೆ ಒಂದು ಇತಿಹಾಸವಿದೆ. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಹರಿದು ಬಂದಾಗ, ಗಡಿಯ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯತೊಡಗಿತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸು, ಅಡಿಗೆ ಸೋಡವನ್ನು ನೀರಿಗೆ ಬೆರೆಸಿ ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಸಕ್ಕರೆಯ ಅಂಶವು ಕರುಳಿನಲ್ಲಿ ಉಪ್ಪನ್ನು ಜೊತೆಗೆ ಕರೆದೊಯ್ಯುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ: ತತ್ತ್ವ ಇಷ್ಟೆ. ಅವರು 2022ರಲ್ಲಿ ತೀರಿಕೊಂಡರು; ಪದ್ಮವಿಭೂಷಣ ಬಂದದ್ದು 2023ರಲ್ಲಿ, ಮರಣೋತ್ತರವಾಗಿ. ನಮ್ಮ ದೇಶದ ಗೌರವಗಳ ನಡಿಗೆ ಪ್ಯಾಸೆಂಜರ್ ಗಾಡಿಯದು.

ಕೊಳ್ಳುವಾಗ ಎಚ್ಚರವಿರಲಿ. ಓಆರ್‌ಎಸ್ ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳು ಔಷಧದಂಗಡಿಗಳಲ್ಲಿ ವರ್ಷಗಟ್ಟಲೆ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರ ಏಕಾಂಗಿ ಹೋರಾಟದ ತರುವಾಯ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಪಾನೀಯಗಳಿಗೆ ಆ ಹೆಸರನ್ನು ಬಳಸಕೂಡದೆಂದು ಆದೇಶಿಸಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದಿರಬೇಕು. ಅದು ಒಂದು ಲೀಟರಿನದೋ 200 ಮಿಲಿಲೀಟರಿನದೋ ಎಂಬುದನ್ನೂ ಓದಿಕೊಳ್ಳಿ. ದೊಡ್ಡದನ್ನು ಲೋಟಕ್ಕೆ ಸುರಿದರೆ ಉಪ್ಪು ಮಿತಿಮೀರುತ್ತದೆ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬಾರದು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಎದೆಹಾಲನ್ನಂತೂ ನಿಲ್ಲಿಸಲೇಬಾರದು.

ಜ್ವರದ ಪ್ಯಾರಾಸಿಟಮಾಲ್ ವಿಷಯ: ಹನಿಯ ಬಾಟಲಿಯ ಔಷಧ ಸಿರಪ್ಪಿಗಿಂತ ಬಹಳ ಗಾಢ. ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸಬೇಡಿ. ಮಗುವಿನ ತೂಕವನ್ನೂ ವೈದ್ಯರು ಹೇಳಿದ ಅಳತೆಯನ್ನೂ ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ. ಜ್ವರದಲ್ಲಿ ಸೆಳೆತ ಬಂದರೆ ಮಗುವನ್ನು ಮಗ್ಗುಲಾಗಿ ಮಲಗಿಸಿ. ಬಾಯಿಗೆ ಚಮಚ ತುರುಕುವುದು, ಕೈಗೆ ಬೀಗದಕೈ ಕೊಡುವುದು ಬೇಡ. ಐದು ನಿಮಿಷದಲ್ಲಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ.

ಇಂದು ರೈಲಿನಿಂದ 139ಕ್ಕೆ ಕರೆ ಮಾಡಿದರೆ ಮುಂದಿನ ನಿಲ್ದಾಣದಲ್ಲಿ ವೈದ್ಯರ ನೆರವನ್ನು ಕೋರಬಹುದು. ಆದರೆ ವೈದ್ಯರಿಗೆ ಹೇಳುವ ಮಾತು ನಮ್ಮಲ್ಲಿರಬೇಕು. ಭಾಷಾಭಿಮಾನದ ಭಾಷಣಗಳನ್ನು ಈ ವೇದಿಕೆಯಲ್ಲಿ ಬೇಕಾದಷ್ಟು ಕೇಳಿದ್ದೇವೆ. ನೆರೆಯ ಭಾಷೆಯ ಹತ್ತು ಪದ ಕಲಿಯುವುದರಿಂದ ಕನ್ನಡಕ್ಕೆ ಕುಂದಿಲ್ಲ. ಜ್ವರಕ್ಕೆ ಹಿಂದಿಯಲ್ಲಿ ಬುಖಾರ್, ಮರಾಠಿಯಲ್ಲಿ ತಾಪ, ತಮಿಳಿನಲ್ಲಿ ಕಾಯ್ಚಲ್. ಭೇದಿಗೆ ಹಿಂದಿಯಲ್ಲಿ ದಸ್ತ್, ಮರಾಠಿಯಲ್ಲಿ ಜುಲಾಬ್, ತೆಲುಗಿನಲ್ಲಿ ವಿರೇಚನಾಲು. ಇಂತಹದೊಂದು ಪಟ್ಟಿಯನ್ನು, ಓಆರ್‌ಎಸ್ ಅಳತೆಯೊಡನೆ, ಸಂಘದ ಮುಂದಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಚ್ಚುಮಾಡಿಸಬೇಕೆಂದು ಕಾರ್ಯದರ್ಶಿಗಳಲ್ಲಿ ಕೋರುತ್ತೇನೆ. ಪ್ರಶ್ನೆಗಳಿದ್ದರೆ ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಮಕ್ಕಳ ವೈದ್ಯರು ಉತ್ತರಿಸುತ್ತಾರೆ.